ಬೆಂಡೆಕಾಯಿ ಇಲ್ಲದಿದ್ದರೂ ಅದು ಗಂಬೋನೇ

‘ಬೆಂಡೆಕಾಯಿ ಹಾಕದಿದ್ದರೆ ಅದು ಗಂಬೋನೇ ಅಲ್ಲ’ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಗಂಬೋ ಅಂದ್ರೆ ಅನ್ನದ ಜೊತೆ ತಿನ್ನೋ ಅಮೆರಿಕದ ಒಂದು ಗಟ್ಟಿ ಸಾರು. ಆ ಮಾತು ಅರ್ಧ ನಿಜ ಅಷ್ಟೆ.

ಹೆಸರಿನ ಮಟ್ಟಿಗೆ ಸರಿ. ಆಫ್ರಿಕಾದ ಬಾಂಟು ಭಾಷೆಗಳಲ್ಲಿ ಬೆಂಡೆಕಾಯಿಗಿದ್ದ ಪದವೇ ಅಮೆರಿಕದ ಲೂಸಿಯಾನಾದಲ್ಲಿ ‘ಗಂಬೋ’ ಆಯಿತು ಅಂತ ಹೆಚ್ಚಿನವರು ಒಪ್ಪುತ್ತಾರೆ. ಗುಲಾಮರನ್ನಾಗಿ ಹಿಡಿದು ತಂದ ಜನರ ಬಾಯಲ್ಲಿ ಅಲ್ಲಿಗೆ ಬಂದ ಪದ ಅದು. ನಾವು ಲೋಳೆ ಹೋಗಲಿ ಅಂತ ಬೆಂಡೆಕಾಯಿ ಹುರಿಯುತ್ತೇವೆ, ಅಲ್ವಾ? ಅಲ್ಲಿ ಸಾರು ಗಟ್ಟಿಯಾಗಲು ಆ ಲೋಳೆಯೇ ಬೇಕು.

ಆದರೆ ಗಟ್ಟಿ ಮಾಡಲು ಬೇರೆ ದಾರಿಗಳೂ ಇವೆ. ಒಂದು, ಸಾಸಫ್ರಾಸ್ ಮರದ ಎಲೆ ಒಣಗಿಸಿ ಮಾಡಿದ ಫಿಲೇ ಪುಡಿ. ಇದು ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರಿಂದ ಬಂದದ್ದು. ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಕುದಿಸಿದರೆ ನೂಲುನೂಲಾಗುತ್ತದೆ. ಇನ್ನೊಂದು ‘ರೂ’ (roux) ಅನ್ನೋ, ಎಣ್ಣೆಯಲ್ಲಿ ಹುರಿದ ಹಿಟ್ಟು. ಎಣ್ಣೆಯಲ್ಲಿ ಅಷ್ಟೇ ಅಳತೆಯ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಚಾಕೊಲೇಟ್ ಬಣ್ಣ ಬರೋವರೆಗೆ ಕೈ ಬಿಡದೆ ಕೆದಕಬೇಕು. ಮುಕ್ಕಾಲು ಗಂಟೆಯೇ ಹಿಡಿಯಬಹುದು. ಫೋನ್ ಬಂತು ಅಂತ ಆಚೆ ಹೋದಿರೋ, ತಳ ಹತ್ತಿತು. ಕಪ್ಪು ಚುಕ್ಕಿ ಕಂಡರೆ ಸುಮ್ನೆ ಚೆಲ್ಲಿ, ಹೊಸದಾಗಿ ಶುರು ಮಾಡಿ. ಕಹಿ ಹೋಗೋದಿಲ್ಲ.

ಬಣ್ಣ ಜಾಸ್ತಿಯಾದಷ್ಟೂ ಘಮ ಹೆಚ್ಚು, ಗಟ್ಟಿತನ ಕಡಿಮೆ. ಆಮೇಲೆ ಈರುಳ್ಳಿ, ಸೆಲೆರಿ, ದೊಣ್ಣೆಮೆಣಸಿನಕಾಯಿ ಬಾಡಿಸಿ, ಕೋಳಿ, ಸಾಸೇಜ್ ಹಾಕಿ ನಿಧಾನಕ್ಕೆ ಬೇಯಿಸಿ ಅನ್ನದ ಜೊತೆ ಬಡಿಸುತ್ತಾರೆ. ಈ ಕೋಳಿ ಗಂಬೋದಲ್ಲಿ ಎಷ್ಟೋ ಮನೆಯವರು ಬೆಂಡೆಕಾಯಿ ಹಾಕೋದೇ ಇಲ್ಲ.