ಮನೆಗೊಂದು ಕಾರು, ಕಾಯುವವರು ಒಬ್ಬರೇ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಸಂಸಾರ ಒಂದೇ ಕಾರಿನಲ್ಲಿ ಸಾಗುತ್ತಿದೆ ಎಂದರೆ ಇಲ್ಲಿನ ಕನ್ನಡ ಬಳಗದವರು ಮೊದಲು ಅಚ್ಚರಿಪಡುತ್ತಾರೆ, ಆಮೇಲೆ ಮೆಚ್ಚುತ್ತಾರೆ. ಆ ಮೆಚ್ಚುಗೆಯನ್ನು ನಾನು ಬಹಳ ಕಾಲ ಸಂಕೋಚವಿಲ್ಲದೆ ಸ್ವೀಕರಿಸಿದ್ದೇನೆ. ಕಾರು ಓಡಿಸುತ್ತಿದ್ದವನು ನಾನು, ಅದಿಲ್ಲದೆ ಓಡಾಡುತ್ತಿದ್ದವಳು ನನ್ನ ಹೆಂಡತಿ ಎಂಬ ಮಾತು ಅಲ್ಲಿ ಬರುತ್ತಲೇ ಇರಲಿಲ್ಲ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲೂ ಇದ್ದದ್ದು ಒಂದೇ ವಾಹನ, ಅಪ್ಪನ ಸ್ಕೂಟರು. ಅಮ್ಮ ಅದನ್ನು ಎಂದೂ ಓಡಿಸಲಿಲ್ಲ. ಆದರೆ ಅವರ ದಿನಚರಿ ಸ್ಕೂಟರಿನ ದಾರಿ ಕಾಯುತ್ತಿರಲಿಲ್ಲ. ತರಕಾರಿ ಗಾಡಿ ಬಾಗಿಲಿಗೇ ಬರುತ್ತಿತ್ತು, ದಿನಸಿ ಅಂಗಡಿ ಬೀದಿಯ ಕೊನೆಯಲ್ಲಿತ್ತು, ಸಿಟಿ ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತಿತ್ತು, ಅದೂ ಬಾರದಿದ್ದರೆ ಆಟೋ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ನಂಜನಗೂಡಿಗೆ ಹೋಗಿಬರಲು ಅವರು ಅಪ್ಪನನ್ನೂ ಕೇಳಬೇಕಿಲ್ಲ, ಪರ್ಸನ್ನೂ ತೆರೆಯಬೇಕಿಲ್ಲ. ಆಧಾರ್ ಕಾರ್ಡ್ ಮರೆತುಹೋಗಿ ಒಮ್ಮೆ ಟಿಕೆಟ್ ಕೊಳ್ಳಬೇಕಾಗಿ ಬಂದದ್ದನ್ನು ಮಾತ್ರ ಫೋನಿನಲ್ಲಿ ಇಂದಿಗೂ ಹೇಳಿಕೊಂಡು ಕೊರಗುತ್ತಾರೆ.

ಫ್ರೀಮಾಂಟಿನ ಬಡಾವಣೆಗಳನ್ನು ಕಟ್ಟಿರುವುದೇ ಮನೆಗೆರಡು ಕಾರುಗಳಿರುತ್ತವೆ ಎಂಬ ಲೆಕ್ಕದಲ್ಲಿ. ಒಂದು ಕೊತ್ತಂಬರಿ ಕಟ್ಟು ಬೇಕಿದ್ದರೂ ಆರು ಸಾಲು ವಾಹನ ಹರಿಯುವ ರಸ್ತೆಯನ್ನು ದಾಟಿಹೋಗಬೇಕು. ಹೀಗಾಗಿ ಮೈಸೂರಿನಲ್ಲಿ ಹಿತಮಿತವೆನಿಸುವ ಏರ್ಪಾಡು ಇಲ್ಲಿ ಮನೆಯ ಒಬ್ಬರ ಕಾಲನ್ನು ಕಟ್ಟಿಹಾಕುತ್ತದೆ, ಮತ್ತು ಆ ಒಬ್ಬರು ಯಾರೆಂಬುದನ್ನು ಯಾವ ಮನೆಯಲ್ಲೂ ಚೀಟಿ ಎತ್ತಿ ತೀರ್ಮಾನಿಸಿದ್ದನ್ನು ನಾನು ಕಂಡಿಲ್ಲ.

ನನ್ನ ಹೆಂಡತಿಯ ಕಚೇರಿ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಫ್ರೀಮಾಂಟಿನಿಂದ 1972ರಲ್ಲೇ ಆರಂಭವಾದ ಬಾರ್ಟ್ ರೈಲು ಅವಳನ್ನು ಅಲ್ಲಿಗೆ ನೇರವಾಗಿ ಮುಟ್ಟಿಸುತ್ತದೆ, ಅದರ ಬಗ್ಗೆ ಅವಳಿಗೆ ದೂರಿಲ್ಲ. ಕಷ್ಟವಿರುವುದು ಮನೆಯಿಂದ ನಿಲ್ದಾಣದವರೆಗಿನ ಮೂರು ಮೈಲಿಯಲ್ಲಿ. ನಮ್ಮ ಕಡೆಯ ಬಸ್ಸು ಅರ್ಧ ಗಂಟೆಗೊಂದು. ಸಂಜೆಯ ಮೀಟಿಂಗ್ ಲಂಬಿಸಿ ರಾತ್ರಿಯಾದರೆ ನೇರ ರೈಲೂ ಇರುವುದಿಲ್ಲ, ಬೇ ಫೇರ್‌ನಲ್ಲಿ ಇಳಿದು ಇನ್ನೊಂದನ್ನು ಹಿಡಿಯಬೇಕು. ಕಾರಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ದಾರಿಗೆ ಅವಳು ದಿನಕ್ಕೆರಡು ಬಾರಿ ಮುಕ್ಕಾಲು ಗಂಟೆ ತೆರುತ್ತಿದ್ದಳು. ಎರಡನೆಯ ಕಾರಿನ ಕಂತು, ವಿಮೆ, ರಿಪೇರಿಗಳ ಉಳಿತಾಯವನ್ನು ನಾನು ಎಕ್ಸೆಲ್ ಹಾಳೆಯಲ್ಲಿ ಡಾಲರು ಡಾಲರಾಗಿ ಬರೆದಿಟ್ಟಿದ್ದೆ. ವಾರಕ್ಕೆ ಆರು ಗಂಟೆಗೆ ಸಮೀಪಿಸುವ ಅವಳ ಈ ಹೆಚ್ಚುವರಿ ಸಮಯದ ಖರ್ಚಿಗೆ ಅಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಅದನ್ನು ನಾವು ಹೊಂದಾಣಿಕೆ ಎಂದು ಕರೆಯುತ್ತಿದ್ದೆವು. ಆ ಪದ ಇಬ್ಬರಿಗೆ ಸಂಬಂಧಿಸಿದ್ದು, ನಮ್ಮಲ್ಲಿ ಹೊಂದಿಕೊಂಡವಳು ಒಬ್ಬಳೇ.

ನನಗೆ ಬೇರೆ ದಾರಿಯಿರಲಿಲ್ಲ ಎಂದಾದರೂ ಹೇಳಬಹುದಿತ್ತು. 2020ರ ಜೂನ್‌ನಲ್ಲಿ ಬಾರ್ಟ್ ಮಾರ್ಗ ಮಿಲ್ಪಿಟಾಸ್ ಮತ್ತು ಬೆರಿಯೆಸ್ಸಾವರೆಗೆ ವಿಸ್ತರಿಸಿದ ಮೇಲೆ ಆ ನೆಪವೂ ಉಳಿಯಲಿಲ್ಲ, ಏಕೆಂದರೆ ಮಿಲ್ಪಿಟಾಸ್‌ನಲ್ಲಿ ಇಳಿದು ಲೈಟ್ ರೈಲು ಹತ್ತಿದರೆ ಅದು ಉತ್ತರ ಸ್ಯಾನ್ ಹೋಸೆಯ ನನ್ನ ಕಚೇರಿಯ ಹತ್ತಿರವೇ ನಿಲ್ಲುತ್ತದೆ. ಇದು ತಿಳಿದಿದ್ದೂ ನಾನು ವರ್ಷಗಟ್ಟಲೆ ಕಾರಿನಲ್ಲೇ ಹೋದೆ. ಮಗುವನ್ನು ಡೇಕೇರ್‌ನಿಂದ ಕರೆತರಬೇಕು ಎಂಬುದು ನಾನು ಕೊಡುತ್ತಿದ್ದ ಕಾರಣ. ಮಗು ಈಗ ಮೂರನೆಯ ತರಗತಿಯಲ್ಲಿದೆ.

ಕಳೆದ ಚಳಿಗಾಲದಲ್ಲಿ ಮಳೆಗೆ ನೆನೆದು ಬಂದ ಅವಳು ಯಾವ ವಾದಕ್ಕೂ ಇಳಿಯದೆ, ಆ ಎಕ್ಸೆಲ್ ಹಾಳೆಯನ್ನು ತೆರೆದು ಒಂದು ಕಾಲಮ್ ಸೇರಿಸಿ ಮಲಗಲು ಹೋದಳು. ಈಗ ಬೆಳಿಗ್ಗೆ ಕಾರು ನಮ್ಮಿಬ್ಬರನ್ನೂ ನಿಲ್ದಾಣಕ್ಕೆ ಒಯ್ಯುತ್ತದೆ. ಅವಳು ಉತ್ತರಕ್ಕೆ, ನಾನು ದಕ್ಷಿಣಕ್ಕೆ. ಸಂಜೆ ಮೊದಲು ಬಂದವರಿಗೆ ಕಾರು, ತಡವಾದವರಿಗೆ ಬಸ್ಸು. ಕಳೆದ ವಾರ ಮೂರು ದಿನ ಬಸ್ಸಿಗೆ ಕಾದವನು ನಾನು. ಅದು ಬರುವವರೆಗೆ ಕುಳಿತುಕೊಳ್ಳಲು ಅಲ್ಲಿ ಒಂದು ಬೆಂಚೂ ಇಲ್ಲ ಎಂದು ಮನೆಗೆ ಬಂದು ಹೇಳಿದೆ. ಅವಳು ನಕ್ಕಳು.