240 ರೂಪಾಯಿಯ ಹಿಡಿಸೂಡಿ

ಬಾಲ್ಕನಿ ಗುಡಿಸುವ ಪ್ಲಾಸ್ಟಿಕ್ ಪೊರಕೆಯ ಎಳೆಯೊಂದು ಕಳಚಿಕೊಂಡು ಹಾರಿ, ಮಗಳ ಚಹಾದ ಲೋಟಕ್ಕೆ ಬಿತ್ತು. ಅವಳು ಅದನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಪ್ಪ, ಇನ್ನು ಈ ಮನೆಗೆ ಪ್ಲಾಸ್ಟಿಕ್ ಪೊರಕೆ ಬರುವುದು ಬೇಡ" ಎಂದಳು. ನಮ್ಮಲ್ಲಿ ತೀರ್ಪು ಕೊಡುವವರು ಬೇರೆ, ಜಾರಿ ಮಾಡುವವರು ಬೇರೆ. ನಾನು ನಿವೃತ್ತನಾದ ಮೇಲೆ ಜಾರಿ ಖಾತೆ ನನ್ನ ತಲೆಗೆ ಬಂದಿದೆ.

ಮಹಾರಾಷ್ಟ್ರ ಸರ್ಕಾರವೂ 2018ರಲ್ಲಿ ಹೀಗೇ ತೀರ್ಪು ಕೊಟ್ಟಿತ್ತು. ಜೂನ್ 23ರಿಂದ ಪ್ಲಾಸ್ಟಿಕ್ ಚೀಲ ಹಿಡಿದು ಸಿಕ್ಕಿಬಿದ್ದರೆ ಮೊದಲ ಸಲ 5,000 ರೂಪಾಯಿ ದಂಡ, ಎರಡನೇ ಸಲ 10,000, ಮೂರನೇ ಸಲ 25,000 ಮತ್ತು ಮೂರು ತಿಂಗಳ ಜೈಲು. 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಸೊಂಟದ ಮಟ್ಟದ ನೀರಿನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆ ತೇಲುತ್ತಾ ಮನೆ ಸೇರಿದ ನಮಗೆ ಅದು ಸರಿಯಾಗಿಯೇ ಕಂಡಿತ್ತು. ಮುಂಬೈ ಹೊರವಲಯದ ನಮ್ಮ ಡೊಂಬಿವಲಿಯ ತರಕಾರಿಯವಳು ಒಂದು ತಿಂಗಳು "ಪಿಶವೀ ಆಣಾ" (ಚೀಲ ತನ್ನಿ) ಎಂದು ಎಲ್ಲರನ್ನೂ ಗದರಿಸಿದಳು. ಆಮೇಲೆ ಅವಳ ಗೋಣಿಯ ಅಡಿಯಿಂದಲೇ ಚೀಲ ಮೆಲ್ಲನೆ ತಲೆ ಹಾಕಿತು. ಮಗಳ ಆಡಳಿತದಲ್ಲಿ ಅಂಥ ಸಡಿಲಿಕೆ ಇಲ್ಲ. ಸ್ಟೇಷನ್ನಿನ ಹೊರಗೆ ಸಿಗುವ ತೆಂಗಿನ ಕಡ್ಡಿಯ ಖರಾಟವನ್ನು ತಂದು ತೋರಿಸಿದೆ. ಅದರ ಸೊಂಟಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಅರ್ಜಿ ವಜಾ.

ಕೊನೆಗೆ ಫೋನಿನಲ್ಲಿ ‘ಹತ್ತಿರದ ಸಾವಯವ ಅಂಗಡಿ’ ಎಂದು ಹುಡುಕಿದೆವು. ಬಾಂದ್ರಾದ ಒಂದು ಗಲ್ಲಿಯನ್ನು ತೋರಿಸಿತು. ಡೊಂಬಿವಲಿಯಿಂದ ಬಾಂದ್ರಾ ಹತ್ತಿರ ಎನ್ನುವವರು ಭಾನುವಾರ ಸೆಂಟ್ರಲ್ ಲೈನಿನಲ್ಲಿ ಓಡಾಡಿದವರಲ್ಲ. ಮಾಟುಂಗಾ-ಮುಲುಂಡ್ ನಡುವೆ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇತ್ತು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ವೆಸ್ಟರ್ನ್ ಲೈನ್ ಹಿಡಿದು, ಆ ಅಂಗಡಿಯ ಏಸಿಯ ಕೆಳಗೆ ನಿಂತಾಗ ನನ್ನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು.

ಅಲ್ಲಿ ಅದು ಗೋಡೆಯ ಮೇಲೆ ನೇತಾಡುತ್ತಿತ್ತು. ಕರಾವಳಿಯ ತೆಂಗಿನ ಕಡ್ಡಿಯ ಪೊರಕೆ, ನಮ್ಮ ಹಿಡಿಸೂಡಿ! ಕತ್ತದ ಹಗ್ಗದ ಕಟ್ಟು, ಕೊರಳಲ್ಲಿ ಒಂದು ಚೀಟಿ: ‘ಮರಳಿ ಮಣ್ಣಿಗೆ ಸೇರುತ್ತದೆ. 240 ರೂಪಾಯಿ.’ ಮನುಷ್ಯನೂ ಮರಳಿ ಮಣ್ಣಿಗೇ ಸೇರುತ್ತಾನೆ. ಆಸ್ಪತ್ರೆಯವರು ಅವನಿಗೂ ಚೀಟಿ ಕಟ್ಟುತ್ತಾರೆ, ಅದರಲ್ಲಿ ಬೆಲೆ ಬರೆದಿರುವುದಿಲ್ಲ ಅಷ್ಟೆ.

ಇಲ್ಲಿ ಚಿಕ್ಕಮ್ಮನ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ತಿ ತೆರೆದ ಮೇಲೆ ಮುಂಬೈಯ ನಮ್ಮಂಥವರಿಗೆ ಸಾವಯವ ಅಂಗಡಿ ಎಂದರೆ ಮಂಗಳೂರಿನಿಂದ ಬರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸೇ. ಊರಿನಿಂದ ಯಾರು ಬಂದರೂ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಅಂಟುವಾಳ ಅವರ ಜೊತೆ ಬರುತ್ತಿದ್ದವು. ರೈಲು ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕಾರ್ಕಳದ ಹತ್ತಿರದ ನಮ್ಮ ಚಿಕ್ಕಮ್ಮ ಉಡುಪಿಯಲ್ಲಿ ಹತ್ತಿದರು. ಎರಡು ಗೋಣಿ, ಹನ್ನೆರಡು ತೆಂಗಿನಕಾಯಿ, ಮತ್ತು ತಾವೇ ಗರಿ ಸೀಳಿ ಕಡ್ಡಿ ಕೆರೆದು ಕಟ್ಟಿದ ಒಂದು ಹಿಡಿಸೂಡಿ. ಮುಂಬೈಯ ಪೊರಕೆಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಆದರೆ ರೈಲಿನಲ್ಲಿ ಹಿಡಿಸೂಡಿಯನ್ನು ಇಡುವುದೆಲ್ಲಿ? ನೆಟ್ಟಗೆ ನಿಲ್ಲಿಸುವಂತಿಲ್ಲ, ಜಗಳ ಹುಟ್ಟುತ್ತದೆ. ಸೀಟಿನ ಕೆಳಗೆ ತಳ್ಳುವಂತಿಲ್ಲ, ಯಾರಾದರೂ ದಾಟಿದರೆ ಲಕ್ಷ್ಮಿಗೆ ಅಪಚಾರ. ಮೇಲಿನ ಬರ್ತಿನಲ್ಲಿ ಇಟ್ಟರು. ಅದರ ಕಡ್ಡಿಗಳು ಎದುರಿನ ಬರ್ತಿನವರ ಮುಖಕ್ಕೆ ತೋರುತ್ತಿದ್ದವು. ಅವರು ಮಗಳ ಮದುವೆಯ ಮಾತುಕತೆಗೆಂದು ಠಾಣೆಗೆ ಹೊರಟವರು. "ಅಮ್ಮಾ, ಒಳ್ಳೆಯ ಕೆಲಸಕ್ಕೆ ಹೋಗುವಾಗ ರಾತ್ರಿಯಿಡೀ ಇದರ ಮುಖ ನೋಡುವುದಾ?" ಎಂದು ಕೇಳಿದರಂತೆ. ನ್ಯಾಯವಾದ ಪ್ರಶ್ನೆ. ತಿರುಗಿಸಿ ಇಟ್ಟರೆ ಕಡ್ಡಿಯ ತುದಿ ಓಡಾಡುವವರ ಕಿವಿಗೆ ಚುಚ್ಚುತ್ತಿತ್ತು. ಟಿಸಿ ಬಂದು, ಅದನ್ನೂ ಚಿಕ್ಕಮ್ಮನನ್ನೂ ನೋಡಿ, ಟಿಕೆಟ್ ಕೇಳುವುದನ್ನೇ ಮರೆತು ಹೋದನಂತೆ. ಕಾರವಾರ ದಾಟುವ ಹೊತ್ತಿಗೆ ಒಂದು ಒಪ್ಪಂದವಾಯಿತು. ಚಿಕ್ಕಮ್ಮ ಅದನ್ನು ತಮ್ಮ ಮಗ್ಗುಲಲ್ಲಿ, ಗೋಡೆಯ ಬದಿಗೆ ಮಲಗಿಸಿಕೊಂಡು, ಇಬ್ಬರ ಮೇಲೂ ಒಂದೇ ಹೊದಿಕೆ ಹೊದ್ದು ಮಲಗಿದರು.

ಬೆಳ್ಳಂಬೆಳಿಗ್ಗೆ ಠಾಣೆಯಲ್ಲಿ ನಾನು ಬೋಗಿಗೆ ನುಗ್ಗಿದೆ. ಗಾಡಿ ನಿಲ್ಲುವುದು ಎರಡೇ ನಿಮಿಷ. ಗೋಣಿ ಎಳೆದೆ, ಕಾಯಿ ಇಳಿಸಿದೆ, ಚಿಕ್ಕಮ್ಮನನ್ನು ಇಳಿಸಿದೆ. ಗಾಡಿ ಹೊರಟಿತು. ಪ್ಲಾಟ್‌ಫಾರಂನಲ್ಲಿ ಚಿಕ್ಕಮ್ಮ ಒಮ್ಮೆ ಗೋಣಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಹಿಡಿಸೂಡಿ ಎಲ್ಲಿ ಮಗಾ?"

ಅವರನ್ನು ಮನೆ ಸೇರಿಸುವ ಕೆಲಸವನ್ನು ಜೊತೆಗೆ ಬಂದಿದ್ದ ಹೆಂಡತಿಗೆ ಒಪ್ಪಿಸಿ, ಲೋಕಲ್ ಹಿಡಿದು ಆ ಗಾಡಿಯ ಕೊನೆಯ ನಿಲ್ದಾಣವಾದ ಕುರ್ಲಾದ ಟರ್ಮಿನಸ್ಸಿಗೆ ಓಡಿದೆ. ಒಂದು ಪೊರಕೆಗಾಗಿ, ಅದೂ ಕೆಲಸದ ದಿನ! ಬ್ಯಾಂಕಿನಲ್ಲಿ ಏನು ಕಾರಣ ಹೇಳಿದೆ ಎಂಬುದು ಈಗ ಬೇಡ. ಗಾಡಿ ಇನ್ನೂ ಅಲ್ಲೇ ಇತ್ತು. ಬೋಗಿ ಹತ್ತಿದೆ. ಸಫಾಯಿಯವನೊಬ್ಬ ನೆಲ ಗುಡಿಸುತ್ತಿದ್ದ. ನಮ್ಮದೇ ಹಿಡಿಸೂಡಿಯಲ್ಲಿ. ಸೀಟಿನ ಸಂದಿಯ ಕಡಲೆಸಿಪ್ಪೆಯೂ ಹೊರಬರುವಂತೆ, ಎಷ್ಟು ಚೆನ್ನಾಗಿ ಗುಡಿಸುತ್ತಿದ್ದ ಎಂದರೆ ನಾನು ನೋಡುತ್ತಾ ನಿಂತೆ. "ಕುಣಾಚಾ ತರೀ ರಾಹಿಲಾ, ಮಸ್ತ್ ಆಹೆ" (ಯಾರದೋ ಉಳಿದುಹೋಗಿದೆ, ಚೆನ್ನಾಗಿದೆ) ಎಂದು ನಕ್ಕ. ಕೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಗಾಡಿ ಯಾರ್ಡಿಗೆ ಹೋಗಿತ್ತು ಎಂದೆ. ಚಿಕ್ಕಮ್ಮ ಒಂದು ತಿಂಗಳು ನಮ್ಮ ಪೊರಕೆಯಲ್ಲೇ ಗುಡಿಸಿದರು, ದಿನಾ ಒಮ್ಮೆಯಾದರೂ ರೈಲ್ವೆಯವರನ್ನು ಬೈದುಕೊಂಡು.

ಬಾಂದ್ರಾದ ಅಂಗಡಿಯ ಹುಡುಗ ತಾಳ್ಮೆಯವನು. ಸಾವಯವ ಆಹಾರಕ್ಕೆ ಹಾಕುವ ಹಸಿರು ಎಲೆಯ ‘ಜೈವಿಕ್ ಭಾರತ್’ ಗುರುತು ತೋರಿಸಿ ಎಲ್ಲವನ್ನೂ ವಿವರಿಸಿದ. ತೆಂಗಿನಂಥ ಬಹುವಾರ್ಷಿಕ ಬೆಳೆಯಾದರೆ ಸಾವಯವ ಎನಿಸಿಕೊಳ್ಳಲು ತೋಟ ಮೂರು ವರ್ಷ ರಾಸಾಯನಿಕ ಬಿಟ್ಟು ಪರಿವರ್ತನೆಯಲ್ಲಿ ಇರಬೇಕಂತೆ. ಸಾವಯವ ಪ್ರಮಾಣಪತ್ರಕ್ಕೆ ಪಿಜಿಎಸ್ ಎಂಬ ಅಗ್ಗದ ದಾರಿಯೂ ಉಂಟಂತೆ, ಕನಿಷ್ಠ ಐವರು ರೈತರು ಗುಂಪು ಕಟ್ಟಿ ಒಬ್ಬರ ತೋಟಕ್ಕೆ ಇನ್ನೊಬ್ಬರು ಸಾಕ್ಷಿಯಾಗಬೇಕು. ನನಗೆ ಉಮೇದು ಬಂತು. ಅಂಗಡಿಯಿಂದಲೇ ಊರಿನಲ್ಲಿ ತೋಟ ನೋಡಿಕೊಳ್ಳುವ ತಮ್ಮನಿಗೆ ಫೋನ್ ಹಚ್ಚಿದೆ.

"ಎಂತ ಅಣ್ಣ, ಐದು ಜನವಾ? ನಮ್ಮ ಬೈಲಿನಲ್ಲಿ ಇಬ್ಬರು ಒಟ್ಟಿಗೆ ಕೂತು ಚಹಾ ಕುಡಿಯುವುದಿಲ್ಲ. ಆಚೆಮನೆಯವರು ಬೇಲಿಯ ತಕರಾರಿನಲ್ಲಿ ಆರು ವರ್ಷದಿಂದ ನನ್ನ ಮುಖ ನೋಡಿಲ್ಲ. ಅವರು ನನ್ನ ತೋಟಕ್ಕೆ ಸಾಕ್ಷಿಯಾ?"

"ಮದ್ದು ಬಿಡುವುದು ಬಿಟ್ಟಿದ್ದೀಯಾ?"

"ಮಳೆಗಾಲದಲ್ಲಿ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಅಡಿಕೆ ಎಲ್ಲ ಬುಡಕ್ಕೆ. ನೀನು ಅಲ್ಲಿಂದ ಬಂದು ಹೆಕ್ಕುತ್ತೀಯಾ?"

ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅದು. ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು. ಸಾವಯವ ನಿಯಮದಲ್ಲೂ ಮಿತಿ ಹಾಕಿ ಅದನ್ನು ಒಪ್ಪುತ್ತಾರೆ ಎಂದು ಹುಡುಗ ಹೇಳಿದ. ತಮ್ಮನಿಗೆ ಅದನ್ನು ತಿಳಿಸುವಷ್ಟರಲ್ಲಿ ಅವನು, ಹುಲ್ಲಿಗೆ ಹೊಡೆಯುವ ಇನ್ನೊಂದು ಮದ್ದಿನ ಹೆಸರು ಹೇಳಿದ. ನಾನು ಸ್ಪೀಕರ್ ಆರಿಸಿದೆ. ಹುಡುಗನ ಎದುರು ಮರ್ಯಾದೆ ಪ್ರಶ್ನೆ.

ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ. ಬೆಲೆಯ ಮೇಲೆ, ಖಂಡಿತ. ಪಕ್ಕದ ಹಲಗೆಯಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಗಾಜಿನ ಸಾಮಾನಿನ ಹಾಗೆ ಜೋಡಿಸಿದ್ದರು. ಆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳವಿಡೀ ಎಳೆದವನು ನಾನು. ಚಡ್ಡಿ ಹರಿದದ್ದಕ್ಕೆ ಪೆಟ್ಟು ಬಿದ್ದದ್ದೂ ನನಗೇ. ಆ ಹುಡುಗ ಆಗ ಹುಟ್ಟಿಯೇ ಇರಲಿಲ್ಲ, ಈಗ ನನಗೆ ಹಾಳೆ ಎಂದರೇನೆಂದು ಹೇಳಿಕೊಡುತ್ತಾನೆ. ಆದರೆ ಅವನ ಅಂಗಡಿಯ ಕಟ್ಟಿನಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಕಡ್ಡಿಗಳನ್ನು ಯಾರೋ ನಿಜವಾಗಿ ಕೆರೆದಿದ್ದರು. ಬೆರಳಾಡಿಸಿ ನೋಡಿದೆ, ಒಂದೂ ಚುಚ್ಚಲಿಲ್ಲ. 240 ರೂಪಾಯಿ ಕೊಟ್ಟೆ.

ವಾಪಸು ಬರುವಾಗ ದಾದರಿನಲ್ಲಿ ಹಿಡಿಸೂಡಿ ಹಿಡಿದು ಸಾಮಾನ್ಯ ಡಬ್ಬಿಗೆ ಹತ್ತುವ ಧೈರ್ಯ ಬರದೆ ಲಗೇಜ್ ಡಬ್ಬಿ ಹತ್ತಿದೆ. ಅಲ್ಲಿ ಖಾಲಿ ಬುಟ್ಟಿಯ ಮೇಲೆ ಕೂತಿದ್ದ ಮೀನಿನ ಮೌಶಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನೆಲಕ್ಕೆ ಎರಡು ಸಲ ಕುಟ್ಟಿ, ಕಡ್ಡಿ ಬಗ್ಗಿಸಿ ಪರೀಕ್ಷಿಸಿದಳು.

"ಕಿತೀಲಾ ಘೇತಲಾ?"

ಎಷ್ಟಕ್ಕೆ ಕೊಂಡೆ ಎಂಬ ಪ್ರಶ್ನೆ. ಒಂದು ಕ್ಷಣ ಯೋಚಿಸಿದೆ. "ಪನ್ನಾಸ್", ಐವತ್ತು ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಲ್ಯಾಣದ ಬಜಾರಿನಲ್ಲಿ ಮೂವತ್ತೈದಕ್ಕೆ ಕೊಡುತ್ತಾರೆ, ನಿಮ್ಮನ್ನು ಲೂಟಿ ಮಾಡಿದ್ದಾರೆ ಎಂದು ಹಿಡಿಸೂಡಿಯನ್ನು ವಾಪಸು ಕೊಟ್ಟಳು.