ದೊಡ್ಡ ಕಂಪನಿಯ ಗೇಟು ದಾಟುವಾಗ ಕೈಯಲ್ಲಿ ಏನಿರುತ್ತೆ?

ದೊಡ್ಡ ಐಟಿ ಕಂಪನಿಯ ಆಫರ್ ಲೆಟರ್ ಬಂತು, 12 ಲಕ್ಷ ಸಿಟಿಸಿ (ನಿಮ್ಮ ಮೇಲೆ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು) ಅಂದ ತಕ್ಷಣ ಮನೆಯಲ್ಲಿ ಎಲ್ಲರೂ ತಿಂಗಳಿಗೆ ಒಂದು ಲಕ್ಷ ಅಂತ ಲೆಕ್ಕ ಹಾಕಿಬಿಡ್ತಾರೆ. ಲೆಟರ್ ಜೊತೆಗಿರೋ ಸಂಬಳದ ವಿವರ ತೆಗೆದು ನೋಡಿ. ಬೇಸಿಕ್ (ಮೂಲ ವೇತನ) ತಿಂಗಳಿಗೆ 50,000 ಇದ್ದು, ಕಂಪನಿ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟೋದಾದರೆ, ಅದರ ಪಾಲೇ ವರ್ಷಕ್ಕೆ 72,000. ಕೆಲಸ ಬಿಡುವಾಗ ಕೊಡೋ ಗ್ರಾಚ್ಯುಯಿಟಿ ಹೆಸರಲ್ಲಿ 28,846. ಕೆಲಸ ನೋಡಿ ಹೆಚ್ಚುಕಮ್ಮಿ ಆಗೋ ವೇರಿಯಬಲ್ ಸಿಟಿಸಿಯ ಶೇ. 10 ಅಂದರೆ 1,20,000. ಇಷ್ಟೂ ಆ 12 ಲಕ್ಷದ ಒಳಗೇ ಸೇರಿಕೊಂಡಿರುತ್ತೆ. ಉಳಿದದ್ದನ್ನು 12 ತಿಂಗಳಿಗೆ ಹಂಚಿ, ನಿಮ್ಮ ಪಾಲಿನ ಪಿಎಫ್ 6,000 ಮತ್ತು ವೃತ್ತಿ ತೆರಿಗೆ 200 ಕಳೆದರೆ ಖಾತೆಗೆ ಬೀಳೋದು ಸುಮಾರು 75,400. ಆದಾಯ ತೆರಿಗೆ ಲೆಕ್ಕ ಬೇರೆ.

ಹಾಗಂತ ಇದು ಮೋಸ ಅಲ್ಲ. ಪಿಎಫ್ ನಿಮ್ಮದೇ ದುಡ್ಡು, ಯುಎಎನ್ (ನಿಮ್ಮ ಕಾಯಂ ಪಿಎಫ್ ನಂಬರ್) ಜೊತೆಗೆ ಮುಂದಿನ ಕೆಲಸಕ್ಕೂ ಬರುತ್ತೆ. ಕೆಲಸ ಬದಲಾಯಿಸಿದಾಗ ಅದನ್ನು ಟ್ರಾನ್ಸ್‌ಫರ್ ಮಾಡಿಸಿ, ದಯವಿಟ್ಟು ತೆಗೆಯಬೇಡಿ. ಒಟ್ಟು ಸೇವೆ 5 ವರ್ಷ ಆಗೋ ಮೊದಲು ತೆಗೆದರೆ ತೆರಿಗೆ ಬೀಳುತ್ತೆ, ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕವೂ ತುಂಡಾಗಬಹುದು.

ಗ್ರಾಚ್ಯುಯಿಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಿಗೋದು ಒಂದೇ ಕಡೆ 5 ವರ್ಷ ಸೇವೆ ಆದಮೇಲೆ. ಕೊನೆಯ ಬೇಸಿಕ್ ಅನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. 50,000 ಬೇಸಿಕ್‌ಗೆ 6 ವರ್ಷಕ್ಕೆ 1,73,077. ಆರು ತಿಂಗಳಿಗಿಂತ ಹೆಚ್ಚಿದ್ದರೆ ಅದು ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ 5 ವರ್ಷ 7 ತಿಂಗಳೂ 6 ವರ್ಷವೇ. ಮೂರು ವರ್ಷಕ್ಕೆ ಬಿಟ್ಟವರಿಗೆ ಸಿಟಿಸಿಯಲ್ಲಿ ಪ್ರತಿ ವರ್ಷ ತೋರಿಸಿದ ಆ 28,846 ಬರೀ ಕಾಗದದ ಮೇಲಿನ ಅಂಕಿ.

ದೊಡ್ಡ ಕಂಪನಿಯಿಂದ ಮನೆಮಂದಿಗೆ ನಿಜಕ್ಕೂ ಆಗೋ ಉಪಕಾರ ಗ್ರೂಪ್ ಮೆಡಿಕ್ಲೈಮ್, ಅಂದರೆ ಕಂಪನಿ ಮಾಡಿಸೋ ಆರೋಗ್ಯ ವಿಮೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ ಇದ್ದರೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಕವರ್. ಹೊರಗೆ ಸ್ವಂತ ಪಾಲಿಸಿ ತಗೊಂಡರೆ ಮೊದಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆದರೆ ಕೆಲಸದ ಕೊನೆಯ ದಿನವೇ ಈ ಕವರ್ ಕೂಡ ಮುಗಿಯುತ್ತೆ. ಅದಕ್ಕೇ ಕೆಲಸದಲ್ಲಿ ಇರುವಾಗಲೇ ಅಪ್ಪ ಅಮ್ಮನ ಹೆಸರಲ್ಲಿ ಚಿಕ್ಕದಾದರೂ ಒಂದು ಪಾಲಿಸಿ ಶುರು ಮಾಡಿ. ಕಾಯೋ ಅವಧಿ ಅದರಷ್ಟಕ್ಕೆ ಕಳೆದುಹೋಗುತ್ತೆ.

ಇನ್ನು ಕೆಲಸ. ಲಕ್ಷಾಂತರ ಜನ ಬಳಸೋ ಸಿಸ್ಟಮ್‌ನಲ್ಲಿ ಒಂದು ಸಾಲು ಬದಲಾಯಿಸೋಕೂ ಚೇಂಜ್ ಟಿಕೆಟ್ (ಬದಲಾವಣೆಗೆ ಹಾಕೋ ಅರ್ಜಿ), ಇಬ್ಬರ ಅಪ್ರೂವಲ್, ಬದಲಾವಣೆಗೆ ಅಂತಲೇ ಇಟ್ಟ ಶನಿವಾರ ರಾತ್ರಿಯ ವಿಂಡೋ, ಎಡವಟ್ಟಾದರೆ ಹಿಂದಕ್ಕೆ ತರೋ ರೋಲ್‌ಬ್ಯಾಕ್ ಹಂತಗಳು ಎಲ್ಲ ಬೇಕು. ಮೊದಮೊದಲು ಕಿರಿಕಿರಿ ಅನಿಸುತ್ತೆ. ಆದರೆ ರೋಲ್‌ಬ್ಯಾಕ್ ಬರೆಯೋಕೆ ಕಲಿತವರು ಎಲ್ಲಿಗೆ ಹೋದರೂ ಬದುಕ್ತಾರೆ. ಈ ಶಿಸ್ತು ಸಣ್ಣ ಕಂಪನಿಯಲ್ಲಿ ಸುಲಭಕ್ಕೆ ಸಿಗಲ್ಲ.

ಭಯ ಪಡಬೇಕಾದ್ದು ಬೇರೆ ಇದೆ. ಆ ಕಂಪನಿಯ ಒಳಗೆ ಮಾತ್ರ ಇರೋ ಟೂಲ್ ಮೇಲೆ, ಒಂದೇ ಮಾಡ್ಯೂಲ್‌ನಲ್ಲಿ, ಟಿಕೆಟ್ ಮುಚ್ಚೋದರಲ್ಲೇ ನಾಲ್ಕು ವರ್ಷ ಕಳೆದರೆ ಹೊರಗಿನ ಇಂಟರ್‌ವ್ಯೂನಲ್ಲಿ ಹೇಳೋಕೆ ಏನೂ ಉಳಿದಿರಲ್ಲ. ಪ್ರಾಜೆಕ್ಟ್ ಮುಗಿದು, ಹೊಸದು ಸಿಗದೆ ಬೆಂಚಿಗೆ ಬಂದು ಖಾಲಿ ಕೂತಾಗಲೇ ಅದು ಗೊತ್ತಾಗೋದು. ಎರಡನೇ ವರ್ಷದಲ್ಲೇ ಆನ್‌ಕಾಲ್ (ಸಿಸ್ಟಮ್ ಕೆಟ್ಟರೆ ಕರೆದಾಗ ನೋಡೋ ಪಾಳಿ) ಕೇಳಿ ಹಾಕಿಸಿಕೊಳ್ಳಿ, ಏನಾದರೂ ಕೆಟ್ಟಾಗ ಕಾರಣ ಹುಡುಕಿ ಬರೆಯೋ ರಿಪೋರ್ಟ್ ನೀವೇ ಬರೆಯಿರಿ. ಕಂಪನಿ ಒಳಗೇ ಬೇರೆ ಕೆಲಸಕ್ಕೆ ಹೋಗೋ ಜಾಬ್ ಪೋಸ್ಟಿಂಗ್‌ಗೆ ಇಷ್ಟು ತಿಂಗಳು ಆಗಿರಬೇಕು, ಮ್ಯಾನೇಜರ್ ಬಿಡಬೇಕು ಅನ್ನೋ ನಿಯಮ ಇರುತ್ತೆ. ಅದನ್ನು ಮೊದಲೇ ಓದಿಟ್ಟುಕೊಳ್ಳಿ.

ನೋಟಿಸ್ ಪೀರಿಯಡ್ ಹೆಚ್ಚಾಗಿ 90 ದಿನ, ಹೊಸ ಕಂಪನಿಯವರು ಕೇಳೋದು 30. ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೊರಡೋದು) ನಿಮ್ಮ ಹಕ್ಕೋ, ಮ್ಯಾನೇಜರ್ ಇಷ್ಟವೋ, ಆ ದುಡ್ಡಿನ ಲೆಕ್ಕ ಬೇಸಿಕ್ ಮೇಲೋ ಗ್ರಾಸ್ (ಒಟ್ಟು ಸಂಬಳ) ಮೇಲೋ ಅಂತ ಸಹಿ ಹಾಕೋ ಮುಂಚೆಯೇ ನೋಡಿ. ಬಿಡೋ ದಿನ ಲ್ಯಾಪ್‌ಟಾಪ್ ವಾಪಸ್ ಕೊಡೋ ಮೊದಲು ಎಲ್ಲ ಪೇಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ತೆರಿಗೆ ಹಿಡಿದದ್ದರ ಪ್ರಮಾಣಪತ್ರ) ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಸಂಜೆ ಅಷ್ಟೊತ್ತಿಗೆ ಲಾಗಿನ್ ಹೋಗಿರುತ್ತೆ. ಎರಡು ತಿಂಗಳು ಬಿಟ್ಟು ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ಅಂತ ನೋಡಿ. ಹಾಕಿಲ್ಲ ಅಂದರೆ ಟ್ರಾನ್ಸ್‌ಫರ್ ಅಲ್ಲೇ ನಿಂತುಬಿಡುತ್ತೆ.